ಕೂಲಿ ಕೇಳಿದ ದೆವ್ವ

"ಕಾಳು ಒಡೆದ್ರೆ ನಿನ್ ಬುರುಡೆ ಒಡೀತೀನಿ, ಬೋಳಿಮಗನೆ. ಮ್ಯಾಗಳ ಸಿಪ್ಪೆಗೆ ಒಂದ್ ಗೀರು ಬೀಳಬಾರ್ದು," ಎಂದು ಪೂಜಾರಿ ಮುದ್ದಪ್ಪ ಹುಣಸೆ ಬರಲಿನಿಂದ ಕರಿಸಿದ್ದಪ್ಪನ ಬೆನ್ನಿಗೆ ಬಾರಿಸಿದನು.

ಕರಿಸಿದ್ದಪ್ಪ ತಲೆಯೆತ್ತಲಿಲ್ಲ. ಅವನ ಕಾಲಿನ ಸರಪಣಿಯನ್ನು ಕಂಬದಯ್ಯನ ಗುಡಿಯ ಅಂಗಳದ ಕಲ್ಲುಗೂಟಕ್ಕೆ ಬಿಗಿದಿದ್ದರು. ಎಡಬಲದಲ್ಲಿ ಅವನಂತೆಯೇ ಕಟ್ಟಿಸಿಕೊಂಡ ಹುಚ್ಚರು ಕುಳಿತು ಶೇಂಗಾ ಬಿಡಿಸುತ್ತಿದ್ದರು. ಯಂತ್ರಕ್ಕೆ ಸುರಿದರೆ ಕಾಳು ಒಡೆಯುತ್ತದೆ, ಒಡೆದ ಕಾಳು ಮೊಳೆಯುವುದಿಲ್ಲ. ಆದ್ದರಿಂದ ಧರ್ಮಪುರದ ಸೀಮೆಯಲ್ಲಿ ಬಿತ್ತನೆಯ ಬೀಜವನ್ನು ಬೆರಳಿನಿಂದಲೇ ಬಿಡಿಸಬೇಕು. ಊರೊಳಗೆ ಈ ಕೆಲಸಕ್ಕೆ ಕೂಲಿಯುಂಟು. ಗುಡಿಯ ಅಂಗಳದಲ್ಲಿ ಇದಕ್ಕೆ ಸೇವೆ ಎಂದು ಹೆಸರು. ಬೀಜ ನಾಗಭೂಷಣ ಗೌಡರದು. ಗುಡಿಯ ಯಜಮಾನಿಕೆಯೂ ಅವರದೇ.

ಕಾಳಕ್ಕ ಬುತ್ತಿ ಹಿಡಿದು ಅಂಗಳದ ಅಂಚಿನಲ್ಲಿ ನಿಂತು ತಮ್ಮನ ಬೆನ್ನನ್ನೇ ನೋಡುತ್ತಿದ್ದಳು. ಅವನನ್ನು ಇಲ್ಲಿಗೆ ತಂದು ಕಟ್ಟಿಸಿದವಳು ಅವಳೇ.

ಕಳೆದ ಬೇಸಿಗೆಯಲ್ಲಿ ಕುರಿ ಮೇಯಿಸಲು ಹೋದವನಿಗೆ ಜಾಲಿಯ ಮೆಳೆಯೊಳಗಿಂದ ಯಾರೋ ಬೈದಂತೆ ಕೇಳಿಸತೊಡಗಿತ್ತು. ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ನೂಕಿದನು. ನಿದ್ದೆ ಬಿಟ್ಟನು. ಕಾಳಕ್ಕ ಅವನನ್ನು ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರ್ ಮಾಹೀರಾ ಅವನನ್ನು ಎದುರಿಗೆ ಕೂರಿಸಿಕೊಂಡು, ಬೈಯುವವರು ಯಾರು, ಏನೆಂದು ಬೈಯುತ್ತಾರೆ, ಸಾಯಬೇಕೆನಿಸುತ್ತದೆಯೇ ಎಂದು ಅವಸರವಿಲ್ಲದೆ ಕೇಳಿದಳು. ಆಮೇಲೆ ಕಾಳಕ್ಕನ ಕಡೆ ತಿರುಗಿದಳು.

"ನಿಮ್ಮ ಮನೇಲಿ ಮೊದಲು ಯಾರಿಗಾದ್ರೂ ಹೀಗಾಗಿತ್ತಾ ಅಮ್ಮ?"

"ನಮ್ಮಪ್ಪ ಒಬ್ನೇ ಮಾತಾಡ್ಕಂತಾ ಅಡವಿ ಸೇರ್ದ ಕಣವ್ವ. ತಿರುಗಿ ಬರ್ಲೇ ಇಲ್ಲ. ದೆವ್ವ ಹೊಡ್ಕಂಡು ಹೋತು ಅಂದ್ರು."

"ದೆವ್ವ ಅಲ್ಲ, ಮಿದುಳಿನ ಕಾಯಿಲೆ. ಮನೆತನದಾಗೆ ಬರೋದೂ ಉಂಟು, ಹಂಗೇ ಬರೋದೂ ಉಂಟು. ಯಾರ ತಪ್ಪೂ ಅಲ್ಲ. ಮಾತ್ರೆಗೆ ಹತೋಟಿಗೆ ಬರ್ತದೆ. ನಾನು ಹೇಳೋವರೆಗೂ ನಿಲ್ಲಿಸಬ್ಯಾಡ್ರಿ."

ಮಾತ್ರೆ ಹತ್ತಿತು. ಮೆಳೆ ಸುಮ್ಮನಾಯಿತು. ಕರಿಸಿದ್ದಪ್ಪ ಮುದ್ದೆ ಮುರಿದು ಉಂಡನು, ಕುರಿಗಳನ್ನು ಹೆಸರು ಹಿಡಿದು ಕೂಗಿದನು. ಕುರಿ ಸಾಕುವವರ ಮನೆಯಲ್ಲಿ ಒಂದು ಕಟ್ಟಳೆಯಿದೆ: ಕಾಯಿಲೆಯ ಕುರಿ ಮೇವಿಗೆ ಬಾಯಿಟ್ಟ ದಿನ ಔಷಧ ನಿಲ್ಲಿಸಬೇಕು, ಮುಂದುವರಿಸಿದರೆ ಕರುಳು ಬೇಯುತ್ತದೆ. ಕಾಳಕ್ಕ ಹುಟ್ಟಿದಾಗಿನಿಂದ ಕಂಡ ಶಾಸ್ತ್ರ ಅದು. ತಮ್ಮ ಹೊಟ್ಟೆ ತುಂಬ ಉಂಡದ್ದನ್ನು ನೋಡಿ, ಉಳಿದ ಮಾತ್ರೆಗಳನ್ನು ಗಂಟು ಕಟ್ಟಿ ಸೂರಿಗೆ ಸಿಕ್ಕಿಸಿದಳು.

ಮೆಳೆ ಮತ್ತೆ ಬೈಯತೊಡಗಿತು.

"ನೋಡಿದ್ಯಾ, ಗುಳಿಗೆ ಗೆಲ್ಲಲಿಲ್ಲ," ಎಂದರು ನಾಗಭೂಷಣ ಗೌಡರು. "ಕಂಬದಯ್ಯನ ತಾವ ಬಿಡು. ಅನ್ನ ದೇವ್ರದು, ಜವಾಬ್ದಾರಿ ನಂದು." ಕಾಳಕ್ಕ ಕೈಮುಗಿದು ಬಿಟ್ಟುಬಂದಳು.

ಅಂಗಳದಲ್ಲಿ ತಮ್ಮನ ಬೆನ್ನಿನ ಬಾಸುಂಡೆಗಳನ್ನು ಕಂಡ ಮೇಲೆ ಅವಳು ಒಬ್ಬಳೇ ಮತ್ತೆ ಹಿರಿಯೂರಿಗೆ ಹೋದಳು. "ಮಾತ್ರೆ ಸೋತಿಲ್ಲಮ್ಮ, ನೀವು ನಿಲ್ಲಿಸಿದ್ರಿ," ಎಂದಳು ಮಾಹೀರಾ. "ಬಿಡಿಸ್ಕೊಂಡು ಬನ್ರಿ, ಮತ್ತೆ ನೋಡೋಣ. ಮನುಷ್ಯನಿಗೆ ಸರಪಣಿ ಹಾಕೋದು ಅಪರಾಧ. ಪೊಲೀಸರಿಗೆ ಹೇಳ್ರಿ."

ಅವಳು ಠಾಣೆಗೆ ಹೋಗಿ ಹೇಳಿದಳು. ಕಾನ್‌ಸ್ಟೇಬಲ್ ವಿನೋದ್ ಕುರ್ಚಿಯಿಂದ ಏಳಲಿಲ್ಲ.

"ಕಟ್ಟಾಕಿ ಅಂತ ಬಿಟ್ಟೋಳು ಯಾರು?"

"ನಾನೇ ಸ್ವಾಮಿ."

"ಹಂಗಾರೆ ಕೇಸು ನಿನ್ ಮ್ಯಾಲೇ ಹಾಕ್ಬೇಕು. ಹಾಕ್ಲಾ? ಅಕ್ಕ ತಮ್ಮ ಇಬ್ರಿಗೂ ಕೆಟ್ಟೈತೆ ತಲೆ. ನಡಿ ಆಚೆಗೆ, ಕಂಬಳಿ ನಾತ."

ಕುರಿ ಔಷಧ ಒಲ್ಲೆನೆಂದರೆ ಮೇವಿನ ಉಂಡೆಯಲ್ಲಿಟ್ಟು ನುಂಗಿಸುವುದನ್ನು ಕಾಳಕ್ಕನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸೂರಿನ ಗಂಟು ಬಿಚ್ಚಿದಳು. ಅಂದಿನಿಂದ ಬುತ್ತಿಯ ಮುದ್ದೆಯ ನಡುವೆ ಮಾತ್ರೆಯೊಂದು ಅಂಗಳ ದಾಟತೊಡಗಿತು. ಮುದ್ದಪ್ಪ ದಿನವೂ ಬುತ್ತಿ ಬಿಚ್ಚಿ ಮೂಸಿ ನೋಡುತ್ತಿದ್ದನು. ಮುದ್ದೆ ಮುರಿಯುತ್ತಿರಲಿಲ್ಲ, ಕುರುಬರ ಎಂಜಲೆಂದು.

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಕರಿಸಿದ್ದಪ್ಪ ಅಕ್ಕನ ಮುಖವನ್ನು ನೆಟ್ಟಗೆ ನೋಡಿ ಕೇಳಿದನು: "ಕರಿ ಕುರಿ ಈದೈತೇನಕ್ಕ?"

ಕಾಳಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

"ಗೌಡ್ರೇ, ನನ್ ತಮ್ಮ ಸುಧಾರ್ಸ್ಯಾನೆ. ಬಿಡಿಸಿ ಕೊಡ್ರಿ," ಎಂದು ಅಂದೇ ಹೋಗಿ ಕೇಳಿದಳು.

"ಬಿತ್ತನೆ ಮುಗೀಲಿ. ದೇವ್ರ ಅಪ್ಪಣೆ ಆಗ್ಬೇಕಲ್ಲ," ಎಂದರು ಗೌಡರು.

ಮರುದಿನ ಗೌಡರೇ ಅಂಗಳಕ್ಕೆ ಬಂದು ಬೀಜದ ರಾಶಿಯನ್ನು ಕೈಯಲ್ಲಿ ತೂರಿ ನೋಡುತ್ತಿದ್ದಾಗ ಕರಿಸಿದ್ದಪ್ಪ ಮೆಲ್ಲಗೆ ಕೆಮ್ಮಿದನು.

"ಗೌಡ್ರೇ, ಇಷ್ಟು ದಿನ ಬಿಡಿಸೀನಿ. ನನ್ ಕೂಲಿ ಯಾವಾಗ ಕೊಡ್ತೀರಿ?"

ಗೌಡರ ಕೈಯಿಂದ ಕಾಳು ಜಾರಿತು. ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಟ್ಟಿಸಿಕೊಂಡಿದ್ದವರಲ್ಲಿ ಒಬ್ಬ ಮುದುಕ ಬಿಡಿಸುವುದನ್ನು ನಿಲ್ಲಿಸಿ ತಲೆಯೆತ್ತಿ, "ಅಯ್ಯೋ, ನಂದೂ ಐತಲ್ಲ," ಎಂದನು.

"ಮುದ್ದ, ಇದೇನ್ಲೇ ಇದು?" ಗೌಡರ ದನಿ ತಣ್ಣಗಿತ್ತು.

"ಮಾತಾಡ್ತಿರೋದು ಅವ್ನಲ್ಲ ಸ್ವಾಮಿ," ಎಂದನು ಮುದ್ದಪ್ಪ. "ಒಳಗಿರೋದು ಈಗ ಬಾಯಿ ಬಿಟ್ಟೈತೆ. ನಾಳೆ ಅಮಾವಾಸ್ಯೆ. ನೆತ್ತಿಗೆ ಬರೆ ಎಳದ್ರೆ ಮುಗೀತು, ಇನ್ ಯಾವತ್ತೂ ಕೇಳಾಕಿಲ್ಲ."

ನೆತ್ತಿಗೆ ಬರೆ ಬಿದ್ದವನೊಬ್ಬ ಆ ಸಾಲಿನ ಕೊನೆಯಲ್ಲಿ ಕುಳಿತಿದ್ದನು. ಅವನ ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಬೆರಳುಗಳು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದವು.

ಅಮಾವಾಸ್ಯೆಯ ಮಧ್ಯಾಹ್ನ ಕಾಳಕ್ಕ ಬರುವ ಹೊತ್ತಿಗೆ ಜನ ನೆರೆದಿದ್ದರು. ಕೆಂಡದ ಗುಂಡಿ ಕರಿಸಿದ್ದಪ್ಪನ ಮಗ್ಗುಲಲ್ಲೇ ಇತ್ತು. ಒಳಗೆ ಬರೆಕೋಲುಗಳು ಕಾಯುತ್ತಿದ್ದವು. ಇಬ್ಬರು ಆಳುಗಳು ಅವನ ಹೆಗಲು ಅದುಮಿ ಹಿಡಿದಿದ್ದರು. ಅವನು ಒದರಾಡುತ್ತಿರಲಿಲ್ಲ.

"ನನಗೇನೂ ಕೇಳಿಸ್ತಿಲ್ಲ ಮುದ್ದಪ್ಪಣ್ಣ. ಯಾರೂ ಬೈತಿಲ್ಲ. ನೀನೊಬ್ನೇ ಬೈತಿರೋದು."

"ಕೇಳುದ್ರಾ? ಎಷ್ಟು ನಯವಾಗಿ ಮಾತಾಡ್ತೈತೆ ನೋಡ್ರಿ," ಎಂದು ಮುದ್ದಪ್ಪ ಜನರತ್ತ ತಿರುಗಿದನು. "ಹಳೇ ದೆವ್ವ, ಓದಿಕಂಡಿರೋದು."

ಜನ ಕೈಮುಗಿದರು.

ಮುದ್ದಪ್ಪ ಅತ್ತ ತಿರುಗಿದ್ದ ಆ ಗಳಿಗೆಯಲ್ಲಿ ಕಾಳಕ್ಕ ಬುತ್ತಿಯನ್ನು ನೆಲಕ್ಕೆ ಬಿಟ್ಟು ಅಂಗಳದೊಳಗೆ ನುಗ್ಗಿದಳು. ಸೆರಗನ್ನು ಕೈಗೆ ಸುತ್ತಿ ಕೆಂಡದೊಳಗಿನ ಬರೆಕೋಲನ್ನು ಕಿತ್ತು, ಒಬ್ಬ ಆಳಿನ ಮುಖದ ಹತ್ತಿರ ಬೀಸಿದಳು. ಇಬ್ಬರೂ ಹಾರಿ ಹಿಂದೆ ಬಿದ್ದರು. ಅವಳು ತಮ್ಮನಿಗೆ ಬೆನ್ನು ಕೊಟ್ಟು ನಿಂತಳು.

"ಬರ್ರಿ. ಕುರಿಗೆ ಹಾಕಿ ಹಾಕಿ ಪಳಗಿದ ಕೈ ಇದು. ಯಾವ ನೆತ್ತಿ ಮೊದ್ಲು?"

ಸೆರಗು ಹೊಗೆಯಾಡತೊಡಗಿತು.

"ಇವ್ಳಿಗೂ ಹಿಡಿದೈತೆ," ಎಂದರು ಗೌಡರು, ದನಿ ಏರಿಸದೆ. "ಯಾರೂ ಹತ್ರ ಹೋಗ್ಬ್ಯಾಡ್ರಿ. ಕಬ್ಬಿಣ ಎಷ್ಟೊತ್ತು ಕೆಂಪಗಿರ್ತೈತೆ? ಇನ್ನೊಂದ್ ಸರಪಣಿ ತಗಂಬಾ ಮುದ್ದ."

ಮುದ್ದಪ್ಪ ಸರಪಣಿ ತಂದನು. ಎಲ್ಲರೂ ಬರೆಕೋಲಿನ ತುದಿಯನ್ನೇ ನೋಡುತ್ತ ಕಾದು ನಿಂತರು. ಕೆಂಪು ಮಸುಕಾಯಿತು, ಅಂಚಿನಿಂದ ಕಪ್ಪು ಒಳಗೊಳಗೆ ಹರಡಿತು. ಆಳುಗಳು ಒಂದು ಹೆಜ್ಜೆ ಮುಂದಿಟ್ಟರು.

ಕಾಳಕ್ಕನ ಬೆನ್ನ ಹಿಂದೆ ಸರಪಣಿ ಸದ್ದಾಯಿತು.

"ಅಕ್ಕ," ಎಂದನು ಕರಿಸಿದ್ದಪ್ಪ, ಮನೆಯಲ್ಲಿ ಮಾತನಾಡುವ ದನಿಯಲ್ಲಿ, "ಇನ್ನೊಂದು ಕೆಂಡದಾಗೇ ಐತೆ."

ಕಾಳಕ್ಕ ತಿರುಗಿ ನೋಡದೆ ಎಡಗೈಯನ್ನು ಹಿಂದಕ್ಕೆ ಚಾಚಿದಳು.