ಬಂಡೆಯ ಎರಡು ಬಾಯಿ

ಚಹಾದ ಹೊಸ ಕಪ್ಪು ನನಗೆ, ಬಂಗಾರದಂಚಿನದು, ಇಸಾಕನ ಹೆಂಡತಿ ಸೆರಗಿನಿಂದ ಒರೆಸಿ ಒರೆಸಿ ಕೊಟ್ಟದ್ದು. ಅವರಿಬ್ಬರಿಗೆ ಸ್ಟೀಲಿನ ಒಂದೇ ಲೋಟ, ಅರ್ಧ ಇಸಾಕ ಕುಡಿದ, ಉಳಿದರ್ಧ ನನ್ನ ತಮ್ಮ ಸಂಗಮೇಶ, ಅಂಚು ಒರೆಸಲೂ ಇಲ್ಲ — ಗೌರವವೆಂದರೆ ಇದೇ ಇರಬೇಕು, ಒಬ್ಬನೇ ಕುಡಿಯುವ ಚಹಾ. ಫೋನಿನಲ್ಲಿ ಧ್ವನಿಮುದ್ರಣದ ಕೆಂಪು ಚುಕ್ಕೆ ಮಿನುಗುತ್ತಿದೆ, ಇಸಾಕನ ಮನೆಯ ಕಟ್ಟೆಯಾಚೆ ಕೊಲ್ಹಾರದ ಸೇತುವೆಯ ಮೇಲೆ ಲಾರಿ ಹಾಯುವ ಸದ್ದು, ಕೆಳಗೆ ಆಲಮಟ್ಟಿಯ ಹಿನ್ನೀರು, ಆ ನೀರಿನಡಿ ಎಲ್ಲೋ ಮುಳುಗಿದ ನಮ್ಮ ಹಳೆಯ ಊರು, ಊರಿನಾಚೆ ಹೊಳೆಯ ಮಡು, ಮಡುವಿನ ಬಂಡೆ. ಬಾಲ್ಯದ ಮೀನುಬೇಟೆಯ ಕಥನಗಳನ್ನು ಸಂಗ್ರಹಿಸುತ್ತ ಎಷ್ಟು ಕಟ್ಟೆಗಳ ಮೇಲೆ ಕುಳಿತಿಲ್ಲ ನಾನು, ಇಂಡಿ ತಾಲೂಕಿನ ಕಡೆ ಭೀಮೆಯ ದಂಡೆಯಲ್ಲಿ ಚಂದವ್ವ ಹಳೆಯ ಸೀರೆಯಲ್ಲಿ ಸಣ್ಣ ಮೀನು ಸೋಸಿದ್ದನ್ನು ಹೇಳಿದಳು, ಮೋರಟಗಿಯ ಅಮಸಿದ್ದ ಬತ್ತುತ್ತಿರುವ ಕೆರೆಯಲ್ಲಿ ತಳವಿಲ್ಲದ ಬುಟ್ಟಿ ಕವುಚಿದ್ದನ್ನು ಹೇಳಿದ, ಯಾರ ಮಾತಿಗೂ ಬಾಯಿ ಹಾಕಲಿಲ್ಲ, ಹೇಳುವವರ ನೆನಪಿಗೆ ಕೇಳುವವನು ದಾರಿ ತೋರಿಸಬಾರದು, ಅದು ನನ್ನ ಕಸುಬಿನ ನೇಮ — ಆದರೆ ಅವರಾರ ಕಥೆಯಲ್ಲೂ ನಾನು ಇರಬೇಕಾಗಿರಲಿಲ್ಲ. ಈ ಕಥೆಯಲ್ಲಿ ನಾನಿದ್ದೇನೆ. ಇಸಾಕ ಶಾಲೆಯಲ್ಲಿ ನನ್ನ ಪಕ್ಕ ಕೂತವನು, ತಮ್ಮನ ಗೆಳೆಯನಲ್ಲ, ನನ್ನ ಗೆಳೆಯ, ತಮ್ಮನನ್ನು ಮಡುವಿಗೆ ಮೊದಲು ಕರೆದೊಯ್ದವನೇ ನಾನು. ನನ್ನ ಹೆಸರು ಹೇಳುತ್ತಾನೆ, ಇನ್ನೇನು ಹೇಳಿಯೇಬಿಡುತ್ತಾನೆ.

ಬಾಳಿ ಮೀನ್ರಿ ಸರ್ರ, ಇಷ್ಟುದ್ದ, ಎಂದು ಇಸಾಕ ಭುಜ ಮುಟ್ಟಿ ತೋರಿಸುತ್ತಾನೆ, ಅವನಿಗೆ ನಾನು ಸರ್ರ, ತಮ್ಮ ಬರೀ ಸಂಗ್ಯಾ — ಮೊನ್ನಿ ಮೊಣಕೈ ತನಾ ಇತ್ತು, ಇವತ್ತ ಭುಜದ ತನಾ ಬೆಳೀತೇನಲೇ, ತಮ್ಮ ಕೆಣಕುತ್ತಾನೆ, ನೀರಾಗ ಬೆಳಿಲಿಲ್ಲ, ಇಂವನ ಬಾಯಾಗ ಬೆಳಿಯಾಕತ್ತೈತಿ ನೋಡಣ್ಣ, ಇಬ್ಬರೂ ನಗುತ್ತಾರೆ. ಮೊನ್ನೆ ಎಂದನಲ್ಲ, ಹಾಗಾದರೆ ಮೊನ್ನೆಯೂ ಕೂತಿದ್ದರು, ನಾನಿಲ್ಲದೆ, ಇದೇ ಕಟ್ಟೆ, ಇದೇ ಲೋಟ. ಮಡುವಿನ ಬಂಡೀಗೆ ಎರಡ ಬಾಯಿ ಇದ್ವುರಿ, ಇಸಾಕ ಮುಂದುವರಿಸುತ್ತಾನೆ, ಒಂದ್ರಾಗ ಹೊಕ್ಕ ಮೀನ ಇನ್ನೊಂದ್ರಾಗ ಪಾರ ಆಗ್ತಿತ್ತು, ಅದಕ್ಕ ಇಬ್ಬರ ಬೇಕು, ಆ ಕಡಿಂದ ಸಂಗ್ಯಾ ಕೈ ಹಾಕಿದಾ, ಈ ಕಡಿಂದ ನಾ ಹಾಕಿದೆ, ಉಸಿರ ಕಟ್ಟಿ ಮುಳುಗಿದ್ರ ಕಣ್ಣಿಗೇನೂ ಕಾಣಂಗಿಲ್ರಿ, ಒಳಗ ಇಂವನ ಬೆರಳ ನನ್ನ ಬೆರಳಿಗೆ ತಾಕಿದ್ವು, ನಡುವ ಮೀನ ಒದ್ದಾಡಾಕತ್ತಿತ್ತು. ಬೆರಳು ತಾಕಿದ್ದು ನನಗೆ ಗೊತ್ತಿರಲಿಲ್ಲ. ದಂಡೆಯಿಂದ ಕಂಡದ್ದು ಗುಳ್ಳೆಗಳು ಮಾತ್ರ, ನಾನು ಇಳಿಯಲಿಲ್ಲ, ಇಳಿಯುವಂತಿರಲಿಲ್ಲ, ಸಂಜೆ ಹೊಸ್ತಿಲಲ್ಲಿ ಅಜ್ಜಿ ಹೊನ್ನವ್ವ ನಮ್ಮ ಕೈ ಮೂಸುತ್ತಿದ್ದಳು, ಅಯ್ಯಗಳ ಮಕ್ಕಳು ನೀವು, ಲಿಂಗ ಇಟ್ಟು ಪೂಜಿ ಮಾಡೂ ಅಂಗೈ ಇದು, ಮೀನ ನಾತ ಬಂತಂದ್ರ ಕಡ್ಡಿ ಕಾಸಿ ಬರಿ ಎಳೀತೇನಿ. ತಮ್ಮ ನಾತ ಹೋಗಲೆಂದು ಮುಷ್ಟಿ ತುಂಬ ವಿಭೂತಿ ತಿಕ್ಕಿಕೊಂಡು ಬಂದ, ಪೂಜೆಯಿಲ್ಲದ ಹೊತ್ತಿನಲ್ಲಿ ಇಷ್ಟು ವಿಭೂತಿ ಯಾಕೆಂದೇ ಅಜ್ಜಿ ಹಿಡಿದಳು, ಬರೆ ಬಿತ್ತು, ಮರುದಿನ ಮತ್ತೆ ಮಡುವಿಗೆ ಓಡಿದ. ನನ್ನ ಕೈ ಮೂಸಿ, ಚನ್ನಬಸಯ್ಯ ನನ್ನ ಬಂಗಾರ, ಎಂದಳು. ತಮ್ಮನ ಮಣಿಕಟ್ಟಿನ ಆ ಬರೆಯ ಗುರುತು ಇಂದಿಗೂ ಇದೆ, ಈಗ ಲೋಟ ಕೆಳಗಿಡುವಾಗಲೂ ಕಂಡಿತು, ನನ್ನ ಮಣಿಕಟ್ಟು ನುಣುಪಾಗಿದೆ. ಆದರೂ ನಾನಿದ್ದೆ, ಜಾಲಿಯ ಬುಡದಲ್ಲಿ ಅವರಿಬ್ಬರ ಅಂಗಿಗಳನ್ನು ಎದೆಗವುಚಿ ನಿಂತಿದ್ದೆ, ಊರಿನ ಕಡೆಯಿಂದ ಯಾರಾದರೂ ಬಂದರೆ ಸಿಳ್ಳು ಹಾಕಬೇಕು, ಕಾವಲಿಲ್ಲದೆ ಬೇಟೆ ಎಲ್ಲಿಯದು, ಗುಳ್ಳೆಗಳು ನಿಂತವು, ನೀರಿನಡಿ ಆಗಲೇ ಬೆರಳಿಗೆ ಬೆರಳು ತಾಕಿತ್ತೋ ಏನೋ, ನನ್ನ ಎದೆಯಲ್ಲಿ ಎರಡು ಒಣ ಅಂಗಿ.

ಮುಗೀತ್ರಿ, ಹುರಕೊಂಡು ತಿಂದ್ವಿ, ಇಂವಗ ಮುಳ್ಳ ಸಿಕ್ಕು ಅತ್ತಾ, ಎನ್ನುತ್ತಾನೆ ಇಸಾಕ. ಮುಗಿದೇಹೋಯಿತೇ. ಬಂಡೆ ಬಂತು, ಮೀನು ಬಂತು, ಮುಳ್ಳಿಗೂ ಜಾಗ ಸಿಕ್ಕಿತು. ಕೇಳಬಾರದು, ನೇಮ, ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿದೆ, ಕೇಳಬಾರದು — ಇಸಾಕ, ದಂಡಿ ಮ್ಯಾಲ ಯಾರಿದ್ರು? ದಂಡಿ ಮ್ಯಾಲ್ರೀ, ಅವನು ಯೋಚಿಸುತ್ತಾನೆ, ಪ್ರಾಮಾಣಿಕವಾಗಿ ಯೋಚಿಸುತ್ತಾನೆ, ಕುಹಕವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ದಂಡಿ ಮ್ಯಾಲ ಯಾರೂ ಇರಲಿಲ್ಲ ಬಿಡ್ರಿ, ನಮ್ಮ ಅಂಗಿ ಇದ್ವು. ತಮ್ಮ ನನ್ನ ಮುಖ ನೋಡಿದ, ನೋಡಬಾರದಾಗಿತ್ತು, ಅಣ್ಣ ಇದ್ನಲ್ಲಲೇ, ಎಂದ ಮೆಲ್ಲಗೆ, ತನ್ನ ಪಾಲಿನ ಮೀನಿನಲ್ಲಿ ಒಂದು ತುಂಡು ಮುರಿದುಕೊಡುವವನ ಹಾಗೆ. ಹೌದೇನ್ರಿ ಸರ್ರ, ನೀವೂ ಬಂದಿದ್ರಿ? ಹೌದು ಎಂದರೆ ಸಾಕು, ಕಥೆಯಲ್ಲಿ ಜಾಗವುಂಟು, ತಮ್ಮ ಕೊಟ್ಟ ಜಾಗ, ಅಂಗಿಗಳ ಪಕ್ಕದ ಜಾಗ. ಇಲ್ಲಪಾ, ಎನ್ನುತ್ತಿದ್ದೇನೆ, ನಾ ಬಂದಿರಲಿಲ್ಲ, ಸಂಗ್ಯಾಗ ಮರವು. ಇಸಾಕನ ಹೆಂಡತಿ ಇನ್ನಷ್ಟು ಚಹಾ ಬೇಕೇ ಎಂದು ಕೇಳುತ್ತಿದ್ದಾಳೆ, ಬೇಡ, ಸಾಕು, ಧ್ವನಿಮುದ್ರಣ ನಿಲ್ಲಿಸಬೇಕು, ಗುಂಡಿ ಒತ್ತಬೇಕು, ಬೆರಳು ಏಳುತ್ತಿಲ್ಲ — ಆ ಕಡೆಯಿಂದ ಒಂದು ಕೈ, ಈ ಕಡೆಯಿಂದ ಒಂದು ಕೈ, ಕತ್ತಲ ನೀರು, ಬೆರಳಿಗೆ ಬೆರಳು, ಬೆರಳಿಗೆ ಬೆರಳು