ಸೋಲುವ ಕೂಲಿ

ಹತ್ತಿಯ ಧೂಳಿಗೆ ಸಂಜೆಯ ಹೊತ್ತಿಗೆ ಅಕ್ಕನ ಹುಬ್ಬು ನರೆತಿರುತ್ತಿತ್ತು. ಮುಖ ತೊಳೆದರೆ ಮತ್ತೆ ನಲವತ್ತರ ಹೆಂಗಸು. ಕೆಮ್ಮು ಮಾತ್ರ ತೊಳೆದರೆ ಹೋಗುವಂಥದ್ದಲ್ಲ. ಸರ್ಕಾರಿ ಆಸ್ಪತ್ರೆಯ ಹಾಸಿಗೆ ಹೊಲಿಯುವವರು ನಮ್ಮ ಸಾಲಿನ ಒಂಬತ್ತು ಶೆಡ್ಡಿನವರು. ಹತ್ತಿ ತಂದು ಹಾಕಿ, ಹಾಸಿಗೆಗೆ ತೊಂಬತ್ತು ರೂಪಾಯಿ ಕೂಲಿ ಕೊಟ್ಟು, ಆಸ್ಪತ್ರೆಗೆ ಮಾರುವವನು ಕಂಟ್ರಾಕ್ಟರ್.

ಈ ಸಲ ಅವನಿಗೊಂದು ತೊಡಕು ಬಂತು. ಟೆಂಡರಿಗೆ ಮೂರು ಜನ ಬೇಕು; ಕಡಿಮೆ ದರ ಬರೆದವರಿಗೆ ಕೆಲಸ. ಒಬ್ಬ ಅವನೇ, ಇನ್ನೊಬ್ಬ ಅವನ ಭಾಮೈದ. ಪ್ರತಿವರ್ಷ ಮೂರನೆಯವನಾಗಿ ನಿಲ್ಲುತ್ತಿದ್ದ ಷಡ್ಡಕ ಜಗಳವಾಡಿ ದೂರವಾಗಿದ್ದ. ನಮ್ಮಲ್ಲಿ ಲೈಸೆನ್ಸ್ ಇದ್ದದ್ದು ಅಕ್ಕನೊಬ್ಬಳಿಗೇ. ಟೆಂಡರ್ ಹಾಕಿ ಸೋತರೆ ಐನೂರು ಕೊಡುತ್ತೇನೆಂದ ಕಂಟ್ರಾಕ್ಟರ್. ಎಷ್ಟು ಬರೆಯಲಿ ಎಂದು ಅವಳು ಕೇಳಿದಳು.

"ನೋಡಿದೋರು ಬೆಚ್ಚಿಬೀಳ್ಬೇಕು, ಅಷ್ಟು ಬರಿಯಮ್ಮ," ಎಂದು ಹೋದ.

ಅಕ್ಕ ಪೇಟೆಯಲ್ಲಿ ವಿಚಾರಿಸಿಕೊಂಡು ಬಂದು ತನ್ನ ಅತ್ತೆಯ ಜೊತೆ ಲೆಕ್ಕಕ್ಕೆ ಕೂತಳು. ಹತ್ತಿ, ಬಟ್ಟೆ, ದಾರ, ಕೂಲಿ ಸೇರಿ ಹಾಸಿಗೆಗೆ ಸಾವಿರದ ನೂರು. ಅದನ್ನು ಎರಡರಷ್ಟು ಮಾಡಿದರು. ರೋಗಿಗಳ ಶಾಪ ತಟ್ಟುತ್ತದೆ ಎಂದು ಅತ್ತೆ ಅಂಜಿದಳು. ಆದರೆ ಸೋಲಲೇಬೇಕಲ್ಲ. ನಾಚಿಕೆ ಬಿಟ್ಟು ಇನ್ನೂ ಮುನ್ನೂರು ಸೇರಿಸಿ ಲಕೋಟೆ ಅಂಟಿಸಿದರು.

ಲಕೋಟೆ ಒಡೆಯುವ ದಿನ ನಾನೂ ಜೊತೆಗೆ ಹೋಗಿದ್ದೆ. ಆಸ್ಪತ್ರೆಯ ಸ್ಟೋರಿನ ಸಾಹೇಬರು ಎಲ್ಲರೆದುರು ಓದಿದರು. ಭಾಮೈದನದು ಐದು ಸಾವಿರದ ನೂರು. ಕಂಟ್ರಾಕ್ಟರನದು ನಾಲ್ಕು ಸಾವಿರದ ಎಂಟುನೂರು. ಅಕ್ಕನದು ಎರಡು ಸಾವಿರದ ಐನೂರು. ಬೆಚ್ಚಿಬಿದ್ದವರು ಸಾಹೇಬರೇ.

ಪಾಪ, ಲೆಕ್ಕ ತಪ್ಪಿತೇನೋ ಎಂದು ಅಕ್ಕ ಕ್ಷಮೆ ಕೂಡ ಕೇಳಿದಳು. ಆಮೇಲೆ ಮೇಜಿನ ಮೇಲಿದ್ದ ಹಾಳೆಯಲ್ಲಿ ಆ ನಾಲ್ಕು ಸಾವಿರದ ಎಂಟುನೂರನ್ನು ಬಹಳ ಹೊತ್ತು ನೋಡಿದಳು.

ಕಂಟ್ರಾಕ್ಟರ್ ಅವಳನ್ನು ಮೂಲೆಗೆ ಕರೆದು ಐನೂರನ್ನು ಎರಡು ಸಾವಿರಕ್ಕೆ ಏರಿಸಿದ. ಒಪ್ಪದಿದ್ದರೆ ನಾಳೆಯಿಂದ ಸಾಲಿಗೇ ಹತ್ತಿ ಇಲ್ಲ ಎಂದ. ಅಷ್ಟರಲ್ಲಿ ಸಾಹೇಬರು ಅಕ್ಕನ ಸಹಿಗೆಂದು ಕಾಗದವೊಂದನ್ನು ಟೈಪ್ ಮಾಡಿಸಿ ತಂದರು: ಇಂಥ ಹಾಸಿಗೆ ಹೊಲಿಯುವ ಸಾಮರ್ಥ್ಯ ನನಗಿಲ್ಲ, ಆದ್ದರಿಂದ ಹಿಂದೆ ಸರಿಯುತ್ತೇನೆ.

"ಸೋಲು ಅಂದ್ರಿ, ಒಪ್ಕೊಂಡೆ ಅಣ್ಣ. ಹೊಲಿಯೋಕೆ ಬರಲ್ಲ ಅಂತ ಬರ್ಕೊಡು ಅಂದ್ರೆ ಹೇಗೆ?" ಎಂದು ಅಕ್ಕ ಕಂಟ್ರಾಕ್ಟರನನ್ನು ಕೇಳಿದಳು.

"ಬರೀ ಕಾಗದ ಕಣಮ್ಮ ಅದು."

"ಹಾಗಾದ್ರೆ ನೀವೇ ಸಹಿ ಹಾಕಿ. ನಿಮ್ಮ ಮಟ್ಟಿಗೆ ಅದು ನಿಜ ತಾನೆ?"

ಮಾರನೆಯ ದಿನ ಹತ್ತಿ ಬರಲಿಲ್ಲ. ಒಂಬತ್ತು ಶೆಡ್ಡಿನವರೂ ಸೂಜಿ ದಾರ ಹಿಡಿದು ಆಸ್ಪತ್ರೆಗೆ ಹೋದೆವು. ಹರಿದ ಹಾಸಿಗೆಗಳನ್ನು ಎಳೆತಂದು ಸಾಹೇಬರ ಬಾಗಿಲಿಗೆ ಅಡ್ಡಲಾಗಿ ಹಾಸಿ ಹೊಲಿಯತೊಡಗಿದೆವು. ನಮ್ಮ ಸಾಮರ್ಥ್ಯವನ್ನು ದಾಟದೆ ಸಾಹೇಬರು ಊಟಕ್ಕೂ ಹೋಗುವಂತಿರಲಿಲ್ಲ.