ಹಿಂಡು ದಾಟುವವರೆಗೆ

ಏಪ್ರಿಲ್ ಎರಡನೆಯ ವಾರ. ದೂರದ ದಕ್ಷಿಣದ ರೋರೋಸಿನ ನಮ್ಮ ಮನೆಯ ಅಂಗಳದಲ್ಲಿ ಕಾಲಿಗೆ ಸ್ಕೀ ಕಟ್ಟಿಕೊಂಡು ಹೊರಟು ಅಂದಿಗೆ ಎಪ್ಪತ್ತಾರು ದಿನ. ಕೌತೊಕೈನೊ ಊರನ್ನು ಹಿಂದೆ ಬಿಟ್ಟು, ಮರವಿಲ್ಲದ ಬಿಳಿ ಬಯಲಿನಲ್ಲಿ ಉತ್ತರಕ್ಕೆ ಸಾಗಿದ್ದೆವು. ಇನ್ನು ಮೂರು ದಿನಕ್ಕೆ ಆಲ್ತಾ. ಅಲ್ಲಿ ಕಡಲು. ಅಲ್ಲಿಗೆ ದಾರಿ ಮುಗಿಯುತ್ತದೆ.

ಮುಂದೆ ನನ್ನ ತಮ್ಮ ಹಾಲ್ವಾರ್, ಹಿಂದೆ ನಾನು. ಅವನಿಗೆ ಐವತ್ತೆರಡು, ಶಾಲೆಯಲ್ಲಿ ಮರಗೆಲಸ ಕಲಿಸುವವನು. ನನಗೆ ಐವತ್ತೇಳು, ಹಡಗುಗಳಲ್ಲಿ ಅಡುಗೆ ಮಾಡುತ್ತ ಮೂವತ್ತು ವರ್ಷ ಕಳೆದವಳು. ಇಬ್ಬರ ಸೊಂಟಕ್ಕೂ ಒಂದೊಂದು ಜಾರುಬಂಡಿ. ಗುಡಾರ, ಸ್ಟೌವು, ಓಟ್ಸು, ಬೆಣ್ಣೆ ಎಲ್ಲ ಅದರಲ್ಲೇ.

ನನ್ನ ಎಡಗಾಲಿನ ಕಿರುಬೆರಳ ವಿಷಯವನ್ನು ಐದು ದಿನದಿಂದ ಅವನಿಗೆ ಹೇಳಿರಲಿಲ್ಲ. ಕೆರೆಯೊಂದನ್ನು ದಾಟುವಾಗ ಮಂಜುಗಡ್ಡೆಯ ಮೇಲೆ ನಿಂತಿದ್ದ ನೀರಿನಲ್ಲಿ ಬೂಟು ನೆನೆದು, ಸಂಜೆಯ ಗಾಳಿಗೆ ಬೆರಳು ಮರಗಟ್ಟಿತ್ತು. ಮೊದಲು ಬೆಳ್ಳಗಾಯಿತು, ಆಮೇಲೆ ಗುಳ್ಳೆ ಎದ್ದಿತು, ಈಗ ತುದಿ ಕಪ್ಪಗಾಗಿತ್ತು. ಅವನು ಸ್ಟೌವು ಹಚ್ಚುವಾಗ ನಾನು ಬೆನ್ನು ತಿರುಗಿಸಿ ಕೂತು ಕಾಲುಚೀಲ ಬದಲಿಸುತ್ತಿದ್ದೆ.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಇದೇ ದಾರಿಗೆ ಹೊರಟಿದ್ದೆವು. ಐವತ್ತನೆಯ ದಿನ ಇಳಿಜಾರಿನಲ್ಲಿ ಬಿದ್ದು ನಾನು ಕಾಲು ಮುರಿದುಕೊಂಡೆ. ಹಾಲ್ವಾರ್ ನನ್ನ ಜತೆಗೇ ವಾಪಸು ಬಂದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮನೆಯಲ್ಲಿ ಯಾರಾದರೂ ಆ ಪ್ರಯಾಣದ ಮಾತೆತ್ತಿದರೆ ಅವನು ತಲೆ ತಗ್ಗಿಸಿ ಸುಮ್ಮನೆ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಕೂರುತ್ತಿದ್ದ. ಆ ಮೌನ ನನ್ನನ್ನು ಚುಚ್ಚುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಹಿಮಸ್ಕೂಟರು ಎದುರಿನ ದಿಬ್ಬದಿಂದ ನಿಧಾನಕ್ಕೆ ಇಳಿದು ನಮ್ಮ ಮುಂದೆ ನಿಂತಿತು. ಇಳಿದವಳು ಅರವತ್ತೈದು ದಾಟಿದ ಹೆಂಗಸು, ಹಿಮಸಾರಂಗ ಸಾಕುವ ಸಾಮಿ ಜನಾಂಗದವಳು. ಕೊರಳಲ್ಲಿ ದುರ್ಬೀನು. ಹೆಸರು ರಿಸ್ತೆನ್ ಎಂದಳು.

"ಎಲ್ಲಿಗೆ ಹೊರಟ್ರಿ?"

"ಆಲ್ತಾಗೆ. ಇನ್ನು ಮೂರೇ ದಿನ," ಎಂದ ಹಾಲ್ವಾರ್.

"ಈ ದಿಬ್ಬದ ಆಚೆ ನಮ್ಮ ಹಿಮಸಾರಂಗದ ಹಿಂಡು ಮಲಗಿದೆ. ಎಲ್ಲಾ ಗಬ್ಬದವು, ಕಡಲ ಕಡೆ ಹೊರಟಿವೆ. ನೀವು ಈ ಬಂಡಿ ಎಳ್ಕೊಂಡು ಮಧ್ಯೆ ನುಗ್ಗಿದ್ರೆ ಬೆದರಿ ಓಡ್ತವೆ. ಓಡಿದ್ರೆ ಕರು ಉಳಿಯಲ್ಲ."

"ಸುತ್ತು ಹಾಕ್ಕೊಂಡು ಹೋಗ್ಬಹುದಾ?"

"ಹೋಗ್ಬಹುದು. ಎರಡು ದಿನ ಜಾಸ್ತಿ ಆಗುತ್ತೆ. ಹಿಂಡು ಹೋಗೋ ತನಕ ಇಲ್ಲೇ ಕೂತ್ರೂ ಎರಡು ದಿನ. ಯಾವ್ದು ಬೇಕೋ ನೋಡ್ಕೊಳ್ಳಿ."

ಎರಡು ದಿನ ಕೂತರೆ ಬೆರಳನ್ನು ಅವನಿಂದ ಮುಚ್ಚಿಡಲಾಗುವುದಿಲ್ಲ. "ಸುತ್ತು ಹಾಕ್ಕೊಂಡೇ ಹೋಗೋಣ," ಎಂದೆ ಅವಸರದಲ್ಲಿ.

ರಿಸ್ತೆನ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ನೀನು ಬರೋದನ್ನ ಅರ್ಧ ಗಂಟೆಯಿಂದ ನೋಡ್ತಾ ಇದೀನಿ ತಾಯಿ. ನಮ್ಮ ಹಿಂಡಲ್ಲಿ ಯಾವುದಾದ್ರೂ ಹಿಂಗೆ ಹೆಜ್ಜೆ ಹಾಕಿದ್ರೆ ಹಿಡಿದು ಕಾಲು ನೋಡ್ತೀವಿ. ಎಡಗಾಲು ತಾನೆ?"

ಹಾಲ್ವಾರ್ ಗಕ್ಕನೆ ತಿರುಗಿದ. "ಏನಕ್ಕಾ ಅದು?"

"ಏನಿಲ್ಲ ಕಣೋ. ಬೂಟು ಸ್ವಲ್ಪ ಬಿಗಿ."

"ಎಪ್ಪತ್ತಾರು ದಿನ ಆದ್ಮೇಲೆ ಬಿಗಿ ಆಯ್ತಾ?"

ರಿಸ್ತೆನ್ ನಮ್ಮನ್ನು ತನ್ನ ಗುಡಾರಕ್ಕೆ ಕರೆದೊಯ್ದಳು. ನೆಲಕ್ಕೆ ಬರ್ಚ್ ಮರದ ಎಳೆಕಡ್ಡಿಗಳನ್ನು ಹಾಸಿ, ಮೇಲೆ ತೊಗಲು ಹರವಿದ್ದಳು. ನಡುವೆ ಬೆಂಕಿ, ಅದರ ಮೇಲೆ ಮಸಿ ಹಿಡಿದ ಕಾಫಿ ಪಾತ್ರೆ. ನನ್ನನ್ನು ಕೇಳದೆಯೇ ಬೂಟು ಕಳಚಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಬೆರಳು ಉಳಿಯುತ್ತೆ. ಕಪ್ಪು ಚರ್ಮ ತಾನಾಗೇ ಉದುರುತ್ತೆ. ಆದ್ರೆ ಇನ್ನೊಂದ್ಸಲ ಹೆಪ್ಪುಗಟ್ಟಿದ್ರೆ ಕತ್ತರಿಸ್ಬೇಕಾಗುತ್ತೆ. ಒಣಗಿಸು, ತುಳೀಬೇಡ. ಊರಿಗೆ ಹೋದ ಕೂಡ್ಲೆ ಡಾಕ್ಟ್ರಿಗೆ ತೋರಿಸು."

ಅಷ್ಟು ಹೇಳಿ ಹಿಂಡಿನ ಕಡೆ ಹೊರಟು ಹೋದಳು. ಹಾಲ್ವಾರ್‌ನ ಮುಖ ಕೆಂಪಗಾಗಿತ್ತು.

"ಆ ಕೆರೆ ದಾಟಿದಾಗ ಆಗಿದ್ದು ತಾನೆ? ಐದು ದಿನ! ತಲೆ ನೆಟ್ಟಗಿದೆಯಾ ನಿಂಗೆ?"

"ಹೇಳಿದ್ರೆ ನೀನು ವಾಪಸ್ ಹೋಗೋಣ ಅಂತಿದ್ದೆ. ಒಂದ್ಸಲ ನಿನ್ನ ದಾರಿ ಕೆಡಿಸಿದ್ದೇ ಸಾಕು ನಂಗೆ."

ಅವನು ಒಂದು ಕಡ್ಡಿ ತೆಗೆದುಕೊಂಡು ಚೂರು ಚೂರಾಗಿ ಮುರಿದು ಬೆಂಕಿಗೆ ಹಾಕತೊಡಗಿದ.

"ಅಕ್ಕಾ, ನೀನು ಬಿದ್ಯಲ್ಲ, ಅವತ್ತು ನಾನೇ ಹೇಳ್ಬೇಕು ಅಂತಿದ್ದೆ."

"ಏನಂತ?"

"ನನ್ನ ಕೈಲಿ ಇನ್ನು ಆಗಲ್ಲ, ವಾಪಸ್ ಹೋಗೋಣ ಅಂತ. ಊಟಕ್ಕೆ ನಿಂತಾಗ ಹೇಳೋಣ ಅಂತ ಬೆಳಿಗ್ಗೆಯಿಂದ ಬಾಯಿಪಾಠ ಮಾಡ್ಕೊಂಡು ಬರ್ತಿದ್ದೆ. ಅಷ್ಟರಲ್ಲಿ ನೀನು ಬಿದ್ದೆ." ಅವನ ದನಿ ತಗ್ಗಿತು. "ನೀನು ಅಲ್ಲಿ ಕಿರುಚ್ತಾ ಇದ್ರೆ, ನಂಗೆ ಒಳಗೊಳಗೇ ಖುಷಿ ಆಯ್ತು ಕಣೇ."

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಹನ್ನೊಂದು ವರ್ಷ ನಾನು ಹೊತ್ತ ಭಾರವನ್ನೆಲ್ಲ ತೆಗೆದು ಅವನ ತಲೆಗೆ ಎಸೆಯಬೇಕೆನ್ನಿಸಿತು. ಕೈಗೆ ಸಿಕ್ಕಿದ್ದು ಒದ್ದೆ ಕಾಲುಚೀಲ. ಅದನ್ನೇ ಎಸೆದೆ. ಸರಿಯಾಗಿ ಮೂಗಿಗೆ ಬಿತ್ತು.

"ಎಲ್ರ ಮುಂದೆ ದೊಡ್ಡ ತ್ಯಾಗಿ ಥರ ಕೂತಿರ್ತಿದ್ಯಲ್ಲೋ, ಕಳ್ಳ!"

"ಆ ಮಾತು ಬಂದಾಗ ನಾನು ತಲೆ ಎತ್ತಿದ್ದು ನೋಡಿದ್ಯಾ ಯಾವತ್ತಾದ್ರೂ?"

ನೋಡಿರಲಿಲ್ಲ. ನಗು ಬಂತು, ಆದರೆ ಅಷ್ಟು ಬೇಗ ಅವನಿಗೆ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಮುಖ ಬಿಗಿದುಕೊಂಡೇ, "ಕಾಫಿ ಬಗ್ಗಿಸು," ಎಂದೆ. ಅವನು ಲೋಟದ ತುಂಬ ಬಗ್ಗಿಸಿ, ರಿಸ್ತೆನ್ ಇಟ್ಟು ಹೋಗಿದ್ದ ಒಣಗಿದ ಮಾಂಸದ ಎರಡು ಚೂರು ಆ ಕಡೆಯವರ ರೂಢಿಯಂತೆ ಅದರಲ್ಲೇ ಹಾಕಿ ಕೊಟ್ಟ.

ಎರಡು ದಿನ ನಾನು ಬೆಂಕಿಯ ಪಕ್ಕ ಕಾಲು ಚಾಚಿ ಮಲಗಿದೆ. ಹಾಲ್ವಾರ್ ರಿಸ್ತೆನ್ ಸ್ಕೂಟರಿನಲ್ಲಿ ಊರಿನಿಂದ ತಂದಿದ್ದ ಸೌದೆ ಒಡೆದ, ಅವಳ ಮುರಿದ ಬಂಡಿಯೊಂದಕ್ಕೆ ಹೊಸ ಪಟ್ಟಿ ಕೂರಿಸಿಕೊಟ್ಟ. ಸಂಜೆ ಅವಳು ಬಂದು, "ಇವನನ್ನ ಇಲ್ಲೇ ಬಿಟ್ಟು ಹೋಗು, ಕೆಲಸಕ್ಕೆ ಬರ್ತಾನೆ," ಎಂದಳು.

"ತಿನ್ನೋದು ನೋಡಿಲ್ಲ ನೀವು. ನೋಡಿದ್ಮೇಲೆ ಕೇಳಿ," ಎಂದೆ.

ಮೂರನೆಯ ಬೆಳಿಗ್ಗೆ ಹಿಂಡು ಹೊರಟಿತು. ಗುಡಾರದ ಬಾಗಿಲಲ್ಲಿ ಕೂತು ನೋಡಿದೆವು. ಕೂಗಿಲ್ಲ, ಗಲಾಟೆಯಿಲ್ಲ. ನಡೆಯುವಾಗ ಅವುಗಳ ಗೊರಸಿನ ಹತ್ತಿರ ಒಂದು ಸಣ್ಣ ಲಟಕ್ ಸದ್ದಾಗುತ್ತದೆ. ಸಾವಿರಾರು ಕಾಲುಗಳ ಆ ಲಟಲಟ ಸದ್ದು ಗಟ್ಟಿಹಿಮದ ಮೇಲೆ ಹರಿದು ಬಂದು, ನಮ್ಮನ್ನು ಹಾದು, ದೂರವಾಯಿತು. ಹೊಟ್ಟೆ ಭಾರವಾದ ಒಂದು ಹೆಣ್ಣು ಹಿಂದೆ ಉಳಿದಿತ್ತು. ರಿಸ್ತೆನ್ ಸ್ಕೂಟರು ನಿಲ್ಲಿಸಿ, ಅದು ತಾನಾಗಿ ನಡೆಯುವವರೆಗೂ ಕಾದಳು.

ನಾವು ಹೊರಟಾಗ ಹಾಲ್ವಾರ್ ಎರಡೂ ಬಂಡಿಗಳನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡ. ನಾನು ಬೇಡವೆನ್ನಲಿಲ್ಲ. ಮೂರು ದಿನದ ದಾರಿ ನಾಲ್ಕು ದಿನವಾಯಿತು. ಬಯಲು ಮುಗಿದು ಪೈನ್ ಕಾಡು ಬಂತು, ಕಾಡು ಇಳಿಯುತ್ತಿದ್ದಂತೆ ಹಿಮ ತೆಳ್ಳಗಾಗಿ ಮಣ್ಣು ಕಾಣಿಸಿತು. ಒಂದು ಮನೆಯವರ ಕೊಟ್ಟಿಗೆಯಲ್ಲಿ ಬಂಡಿಗಳನ್ನು ಬಿಟ್ಟು, ಸ್ಕೀಗಳನ್ನು ಹೆಗಲಿಗೇರಿಸಿ ರಸ್ತೆಯ ಮೇಲೆ ನಡೆದೆವು. ಎಂಬತ್ತೆರಡನೆಯ ದಿನ, ಬೆಳಗಿನ ಹನ್ನೊಂದಕ್ಕೆ, ಆಲ್ತಾದ ಕಡಲು.

ದಂಡೆಯಲ್ಲಿ ಒಬ್ಬ ಮುದುಕ ದೋಣಿಗೆ ಬಣ್ಣ ಬಳಿಯುತ್ತಿದ್ದ. "ಎಲ್ಲಿಂದ ಬಂದ್ರಿ?" ಎಂದ.

"ರೋರೋಸಿಂದ."

"ಇದರ ಮೇಲಾ?" ಸ್ಕೀಗಳ ಕಡೆ ಕುಂಚ ತೋರಿಸಿದ.

"ಹೂಂ."

"ಆ ಕಡೆಯಿಂದ ವಿಮಾನ ಬರುತ್ತಲ್ರಪ್ಪಾ!"

ಹಾಲ್ವಾರ್ ನಗುತ್ತ ಕಲ್ಲುಗಳ ಮೇಲೆ ಇಳಿದು ಹೋಗಿ, ಮೊಣಕಾಲೂರಿ ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿದ. ಆ ಜಾರುವ ಕಲ್ಲುಗಳ ಮೇಲೆ ಇಳಿಯುವುದು ನನ್ನ ಕಾಲಿಗೆ ಆಗದ ಮಾತು. ಅವನು ತನ್ನ ಲೋಟದಲ್ಲಿ ನೀರು ತುಂಬಿಕೊಂಡು, ಚೆಲ್ಲದ ಹಾಗೆ ಹುಷಾರಾಗಿ ಹತ್ತಿ ಬಂದ.

"ಕೈ ಚಾಚು ಅಕ್ಕಾ. ನಿನ್ನ ಪಾಲು."

ಚಾಚಿದೆ. ನೀರು ಕೊರೆಯುವಷ್ಟು ತಣ್ಣಗಿತ್ತು. ಮುದುಕ ಕುಂಚ ಕೆಳಗಿಟ್ಟು, ದೋಣಿಯ ಮರೆಯಿಂದ ಎರಡು ಪೆಟ್ಟಿಗೆ ಎಳೆದು ತಂದು ನಮಗೆ ಕೂರಲು ಹಾಕಿದ.